ಕಾಣದ ಕಣದ ಜಾತಕ

ಅತ್ತಿಬೆಲೆಯನ್ನು ದಾಟಿ ಹೊಸೂರಿನ ಕಡೆಗೆ ಹೊರಟವರಿಗೆ ಮೊದಲು ಸಿಗುವ ಊರು ಜೂಜುವಾಡಿ. ಕರ್ನಾಟಕ ಮುಗಿದು ತಮಿಳುನಾಡು ಮೊದಲಾಗುವುದು ಅಲ್ಲಿಯೇ. ಆ ಗಡಿಯ ಠಾಣೆಯಲ್ಲಿ ಬಹುಕಾಲ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುವು. ಸರಕು ಯಾವುದು, ಎಲ್ಲಿಂದ ಹೊರಟಿತು, ಎಂದು ಹೊರಟಿತು, ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಕಾಗದ ತೋರಿಸಿದ ಮೇಲೆಯೇ ಮುಂದಿನ ದಾರಿ. ಆದರೆ ಅದೇ ದಾರಿಯ ಮೇಲೆ ಬೀಸುವ ಗಾಳಿಯನ್ನಾಗಲಿ, ನೆಲದಡಿಯ ಬಂಡೆಯ ಬಿರುಕುಗಳಲ್ಲಿ ಹರಿಯುವ ನೀರನ್ನಾಗಲಿ ತಡೆದು ಕೇಳಿದವರಿಲ್ಲ. ಗಾಳಿಯಲ್ಲಿ ತೇಲಿ, ಮಳೆಯೊಡನೆ ಇಳಿದು, ನೀರಿನಲ್ಲಿ ಕರಗಿ ಬರುವ ವಿಕಿರಣಪಟು ಕಣಗಳು ಯಾವ ಗಡಿಯಲ್ಲಿಯೂ ನಿಲ್ಲುವುದಿಲ್ಲ.

ಹಾಗಿದ್ದರೂ ಆ ಕಣಗಳನ್ನು ಹಿಡಿದು ನಿಲ್ಲಿಸಿ, ಇದೇ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವ ವಿದ್ಯೆಯೊಂದು ಕಳೆದ ಶತಮಾನದಲ್ಲಿ ಬೆಳೆದು ಬಂದಿದೆ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ, ನಾಲಗೆಗೆ ರುಚಿಯಿಲ್ಲದ ವಸ್ತುವಿನ ಹೆಸರು, ಕುಲ, ವಯಸ್ಸು, ಹುಟ್ಟಿದ ಸ್ಥಳ ಇವೆಲ್ಲವನ್ನೂ ಅದರ ಬಾಯಿಂದಲೇ ಹೇಳಿಸುವ ಈ ವಿದ್ಯೆಯ ಕಥೆ ಸ್ವಾರಸ್ಯವಾದುದು. ನಮ್ಮ ಹೊಸೂರು ಸೀಮೆಯ ಹಿರಿಯರೊಬ್ಬರ ಹೆಸರು ಆ ಕಥೆಯ ಒಂದು ಮುಖ್ಯ ಅಧ್ಯಾಯದಲ್ಲಿ ಬರುತ್ತದೆ. ನಮ್ಮ ಮನೆಯ ಕುಡಿಯುವ ನೀರಿನ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಹೆಸರು ಹೇಳುವ ಕಣಗಳು

೧೮೯೬ರಲ್ಲಿ ಫ್ರಾನ್ಸಿನ ಹೆನ್ರಿ ಬೆಕೆರೆಲ್ ಕಪ್ಪು ಕಾಗದದಲ್ಲಿ ಸುತ್ತಿದ ಛಾಯಾಫಲಕದ ಬಳಿ ಯುರೇನಿಯಂ ಲವಣವನ್ನಿಟ್ಟಾಗ, ಬೆಳಕು ತಾಕದಿದ್ದರೂ ಫಲಕ ಕಪ್ಪಾಯಿತು. ವಿಕಿರಣಪಟುತ್ವ ಮನುಷ್ಯನಿಗೆ ಪರಿಚಯವಾದದ್ದು ಹೀಗೆ. ಕೆಲವು ಪರಮಾಣುಗಳ ಒಡಲು ಸ್ಥಿರವಲ್ಲ. ಅವು ತಮ್ಮಷ್ಟಕ್ಕೆ ತಾವೇ ಸಿಡಿದು ಬೇರೆ ಪರಮಾಣುಗಳಾಗುತ್ತವೆ. ಸಿಡಿಯುವಾಗ ಆಲ್ಫಾ ಅಥವಾ ಬೀಟಾ ಕಣವನ್ನೂ, ಅನೇಕ ವೇಳೆ ಅದರೊಡನೆ ಗ್ಯಾಮಾ ಕಿರಣವನ್ನೂ ಹೊರಸೂಸುತ್ತವೆ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯಬಲ್ಲದು. ಬೀಟಾ ಕಣಕ್ಕೆ ತೆಳುವಾದ ಲೋಹದ ತಗಡು ಬೇಕು. ಗ್ಯಾಮಾ ಕಿರಣವನ್ನು ಕುಗ್ಗಿಸಲು ದಪ್ಪನಾದ ಸೀಸದ ಗೋಡೆಯೇ ಬೇಕು. ಒಂದು ಸೆಕೆಂಡಿಗೆ ಒಂದು ಪರಮಾಣು ಸಿಡಿದರೆ ಅದಕ್ಕೆ ಒಂದು ಬೆಕೆರೆಲ್ ಎಂದು ಹೆಸರು.

ಇಂಥ ಪ್ರತಿಯೊಂದು ಪರಮಾಣುವಿಗೂ ಎರಡು ಗುರುತುಗಳುಂಟು. ಮೊದಲನೆಯದು ಅರ್ಧಾಯು, ಎಂದರೆ ಇದ್ದ ಪರಮಾಣುಗಳಲ್ಲಿ ಅರ್ಧದಷ್ಟು ಸಿಡಿದು ಹೋಗಲು ಹಿಡಿಯುವ ಕಾಲ. ಅಯೋಡಿನ್-೧೩೧ಕ್ಕೆ ಇದು ೮ ದಿನ; ಸೀಸಿಯಂ-೧೩೭ಕ್ಕೆ ಸುಮಾರು ೩೦ ವರ್ಷ; ಯುರೇನಿಯಂ-೨೩೮ಕ್ಕೆ ಸುಮಾರು ೪೫೦ ಕೋಟಿ ವರ್ಷ. ಕಾಯಿಸಿದರೂ ಅರೆದರೂ ಆಮ್ಲದಲ್ಲಿ ಕರಗಿಸಿದರೂ ಈ ಕಾಲ ಬದಲಾಗುವುದಿಲ್ಲ. ಎರಡನೆಯ ಗುರುತು ಹೊರಬರುವ ಕಿರಣದ ಶಕ್ತಿ. ಸೀಸಿಯಂ-೧೩೭ ಇದ್ದಲ್ಲಿ ೬ ಲಕ್ಷ ೬೨ ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗ್ಯಾಮಾ ಕಿರಣ ಕಂಡೇ ಕಾಣುತ್ತದೆ. ಕೋಬಾಲ್ಟ್-೬೦ ಆದರೆ ೧೧ ಲಕ್ಷ ೭೩ ಸಾವಿರ ಮತ್ತು ೧೩ ಲಕ್ಷ ೩೨ ಸಾವಿರದ ಎರಡು ಕಿರಣಗಳು ಜೋಡಿಯಾಗಿ ಬರುತ್ತವೆ. ಹುಟ್ಟಿದ ನಕ್ಷತ್ರ ಮತ್ತು ಲಗ್ನವನ್ನು ನೋಡಿ ಜಾತಕ ಬರೆಯುವಂತೆ, ಈ ಎರಡು ಅಂಕಿಗಳನ್ನು ಹಿಡಿದು ವಿಜ್ಞಾನಿ ಕಣದ ಜಾತಕವನ್ನು ಬರೆಯುತ್ತಾನೆ. ಭವಿಷ್ಯಕ್ಕಿಂತ ಹೆಚ್ಚಾಗಿ ಭೂತಕಾಲವನ್ನು ಹೇಳುವ ಜಾತಕ ಇದು.

ಮೊದಲು ಕಳೆಯಬೇಕಾದ ಲೆಕ್ಕ

ಪರಿಸರದಲ್ಲಿ ವಿಕಿರಣ ಕಂಡಿತೆಂದ ಮಾತ್ರಕ್ಕೆ ಅದು ಬಾಂಬಿನದೆಂದೋ ಸ್ಥಾವರದ್ದೆಂದೋ ತಿಳಿಯಬಾರದು. ನಾವು ನಿಂತಿರುವ ನೆಲವೇ ವಿಕಿರಣ ಸೂಸುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಿಂದ ಹಿಡಿದು ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ, ಕೃಷ್ಣಗಿರಿಯ ಕೋಟೆಬೆಟ್ಟಗಳವರೆಗೆ ಹರಡಿರುವುದು ಬಹು ಪ್ರಾಚೀನವಾದ ನೈಸ್ ಮತ್ತು ಗ್ರಾನೈಟ್ ಶಿಲೆ. ಇದರಲ್ಲಿ ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂ-೪೦ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿವೆ. ಭೂಮಿ ಹುಟ್ಟಿದಂದಿನಿಂದ ಇವು ಸಿಡಿಯುತ್ತಲೇ ಇವೆ. ರಾಗಿ, ಬಾಳೆಹಣ್ಣು, ಎಳನೀರು ಎಲ್ಲದರಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ಪೊಟ್ಯಾಸಿಯಂ-೪೦ ಕೂಡ ಇದೆ. ವಯಸ್ಕನೊಬ್ಬನ ದೇಹದಲ್ಲಿ ಅದರ ಸುಮಾರು ನಾಲ್ಕು ಸಾವಿರ ಪರಮಾಣುಗಳು ಪ್ರತಿ ಸೆಕೆಂಡಿಗೂ ಸಿಡಿಯುತ್ತವೆ.

ಉಳ್ಳಾಲದಿಂದ ಕೇರಳದ ಚವರದವರೆಗೆ, ಅಲ್ಲಿಂದಾಚೆ ಕನ್ಯಾಕುಮಾರಿಯ ಮಣವಾಳಕುರಿಚಿಯವರೆಗೆ ಕಡಲ ತೀರದ ಕೆಲವೆಡೆ ಮಾನಜೈಟ್ ಎಂಬ ಥೋರಿಯಂ ಬೆರೆತ ಮರಳು ಸಿಗುತ್ತದೆ. ಚವರದ ಸುತ್ತಣ ಕರುನಾಗಪ್ಪಳ್ಳಿಯಲ್ಲಿ ಜನ ತಲೆತಲಾಂತರದಿಂದ ಹೆಚ್ಚಿನ ವಿಕಿರಣದ ನಡುವೆಯೇ ಬಾಳಿದ್ದಾರೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅವರನ್ನು ವರ್ಷಗಟ್ಟಲೆ ಗಮನಿಸಿ, ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಲದ ಈ ವಿಕಿರಣದಿಂದಾಗಿ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲವೆಂದು ತಿಳಿಸಿದರು. ಆದ್ದರಿಂದ ವಿಶ್ಲೇಷಣೆ ಮಾಡುವವನ ಮೊದಲ ಕೆಲಸ ಕೂಡುವುದಲ್ಲ, ಕಳೆಯುವುದು. ನೆಲದ ಪಾಲನ್ನೂ ಆಕಾಶದಿಂದ ಬರುವ ವಿಶ್ವಕಿರಣದ ಪಾಲನ್ನೂ ಕಳೆದ ಮೇಲೆ ಉಳಿದದ್ದೇನು ಎಂಬುದೇ ಪ್ರಶ್ನೆ.

ಸಾವಿನ ಬೂದಿ

ಉಳಿದ ಆ ಭಾಗವನ್ನು ಪರೀಕ್ಷಿಸಿ ಲೋಕವನ್ನೇ ಬೆಚ್ಚಿಬೀಳಿಸಿದ ಪ್ರಸಂಗ ನಡೆದದ್ದು ೧೯೫೪ರಲ್ಲಿ. ಆ ವರ್ಷದ ಮಾರ್ಚ್ ೧ರಂದು ಶಾಂತಸಾಗರದ ಬಿಕಿನಿ ದ್ವೀಪವಲಯದಲ್ಲಿ ಅಮೆರಿಕವು ಜಲಜನಕ ಬಾಂಬೊಂದನ್ನು ಸಿಡಿಸಿತು. ಅದರ ಬಲ ಎಣಿಸಿದ್ದಕ್ಕಿಂತ ಎರಡೂವರೆ ಪಟ್ಟಿನಷ್ಟಾಯಿತು. ಹಿರೋಷಿಮಾದ ಬಾಂಬಿಗೆ ಹೋಲಿಸಿದರೆ ಸುಮಾರು ಸಾವಿರ ಪಟ್ಟು. ನಿಷೇಧಿತ ವಲಯದ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯೊಂದರ ಮೇಲೆ ಕೆಲವು ಗಂಟೆಗಳ ನಂತರ ಬಿಳಿಯ ಬೂದಿ ಮಳೆಯಂತೆ ಸುರಿಯಿತು. ದೋಣಿಯ ಹೆಸರು ಫುಕುರ್ಯು ಮಾರು, ಎಂದರೆ ಅದೃಷ್ಟದ ಡ್ರಾಗನ್. ಅದರಲ್ಲಿದ್ದವರು ೨೩ ಮಂದಿ. ಬೂದಿ ಮೈಗಂಟಿತು, ಕಣ್ಣು ಬಾಯಿಗಳಿಗೂ ಹೊಕ್ಕಿತು. ಯಾಯಿಜು ಬಂದರಿಗೆ ಹಿಂತಿರುಗುವ ವೇಳೆಗೆ ಅವರ ಚರ್ಮ ಸುಟ್ಟಂತಾಗಿ ಕೂದಲು ಉದುರತೊಡಗಿತ್ತು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ ೨೩ರಂದು ತೀರಿಕೊಂಡನು.

ರೋಗಿಗಳಿಗೆ ಚಿಕಿತ್ಸೆ ಮಾಡಬೇಕಾದರೆ ಬೂದಿಯಲ್ಲಿ ಏನಿದೆಯೆಂದು ವೈದ್ಯರಿಗೆ ತಿಳಿಯಬೇಕು. ಬಾಂಬಿನ ರಚನೆ ಗುಟ್ಟಾದ್ದರಿಂದ ಆ ವಿವರ ಅವರ ಕೈಗೆ ಬರಲಿಲ್ಲ. ಟೋಕಿಯೋ ವಿಶ್ವವಿದ್ಯಾನಿಲಯದ ರಸಾಯನ ವಿಜ್ಞಾನಿ ಕೆಂಜಿರೊ ಕಿಮುರಾ ಮತ್ತು ಸಂಗಡಿಗರು ದೋಣಿಯಿಂದ ಗುಡಿಸಿ ತಂದ ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಧಾತುಗಳನ್ನು ಗುಂಪು ಗುಂಪಾಗಿ ಬೇರ್ಪಡಿಸಿ, ಒಂದೊಂದರ ವಿಕಿರಣ ದಿನದಿಂದ ದಿನಕ್ಕೆ ಎಷ್ಟು ಇಳಿಯುತ್ತದೆಂದು ಅಳೆದು ನೋಡಿದರು. ಬೂದಿಯ ಬಿಳಿಯ ಭಾಗ ಸುಟ್ಟ ಹವಳದ ಸುಣ್ಣ. ಅದಕ್ಕೆ ಅಂಟಿಕೊಂಡಿದ್ದುವು ಪರಮಾಣು ವಿದಳನದಿಂದ ಹುಟ್ಟುವ ಹತ್ತಾರು ವಿಕಿರಣಪಟು ಧಾತುಗಳು. ಅವುಗಳ ನಡುವೆ ಅನಿರೀಕ್ಷಿತವಾದ ಒಂದು ಸಿಕ್ಕಿತು: ಯುರೇನಿಯಂ-೨೩೭. ಇದರ ಅರ್ಧಾಯು ಏಳು ದಿನಕ್ಕಿಂತ ಸ್ವಲ್ಪ ಕಡಿಮೆ. ಯುದ್ಧಕ್ಕೆ ಮುನ್ನ ನಿಶಿನಾ ಅವರೊಡನೆ ಇದೇ ಧಾತುವನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿದಿದ್ದವರು ಇದೇ ಕಿಮುರಾ ಎಂಬುದು ವಿಚಿತ್ರ ಯೋಗಾಯೋಗ.

ಸಾಧಾರಣ ಯುರೇನಿಯಂ-೨೩೮ಕ್ಕೆ ಬಹು ವೇಗದ ನ್ಯೂಟ್ರಾನ್ ಬಡಿದಾಗ ಮಾತ್ರ ಅದು ಯುರೇನಿಯಂ-೨೩೭ ಆಗುತ್ತದೆ. ಅಷ್ಟು ವೇಗದ ನ್ಯೂಟ್ರಾನ್‌ಗಳು ಜಲಜನಕದ ಸಮ್ಮಿಳನದಲ್ಲಿ ಹುಟ್ಟುವಂಥವು. ಎಂದಮೇಲೆ ಬಾಂಬಿನ ಹೊರಕವಚವೇ ಯುರೇನಿಯಮ್ಮಿನದು; ವಿದಳನದಿಂದ ಸಮ್ಮಿಳನ, ಸಮ್ಮಿಳನದಿಂದ ಮತ್ತೆ ವಿದಳನ, ಹೀಗೆ ಮೂರು ಹಂತ. ‘ಶುದ್ಧ’ ಎನಿಸಬಹುದಾಗಿದ್ದ ಜಲಜನಕ ಬಾಂಬು ವಾಸ್ತವವಾಗಿ ಎಲ್ಲಕ್ಕಿಂತ ಹೆಚ್ಚು ವಿಕಿರಣ ಧೂಳನ್ನು ಚೆಲ್ಲುವ ಬಾಂಬಾಗಿತ್ತು. ಒಸಾಕಾದ ಯಾಸುಷಿ ನಿಶಿವಾಕಿ ಎಂಬ ವಿಜ್ಞಾನಿ ಯೂರೋಪಿಗೆ ಹೋದಾಗ ಬೂದಿಯ ಈ ವಿವರಗಳನ್ನು ಜೋಸೆಫ್ ರಾಟ್‌ಬ್ಲಾಟ್ ಅವರಿಗೆ ತಿಳಿಸಿದರು. ರಾಟ್‌ಬ್ಲಾಟ್ ಲೆಕ್ಕ ಹಾಕಿ ಬಾಂಬಿನ ಈ ಒಳಗುಟ್ಟನ್ನು ಬಹಿರಂಗಪಡಿಸಿದರು. ಅಣ್ವಸ್ತ್ರ ವಿರೋಧದಲ್ಲಿ ಆಯುಷ್ಯ ಕಳೆದ ಅವರಿಗೆ ೧೯೯೫ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ಸರ್ಕಾರಗಳು ಬಚ್ಚಿಟ್ಟ ಸಂಗತಿಯನ್ನು ಒಂದು ಹಿಡಿ ಬೂದಿ ಹೊರಗೆಡಹಿತು.

ತೊರಪಳ್ಳಿಯಿಂದ ವಾಷಿಂಗ್ಟನ್ನಿಗೆ

ಈ ಪ್ರಸಂಗ ಭಾರತದಲ್ಲಿಯೂ ಕಳವಳ ಹುಟ್ಟಿಸಿತು. ೧೯೫೪ರ ಏಪ್ರಿಲ್ ೨ರಂದು ಪ್ರಧಾನಿ ನೆಹರೂ ಅವರು ಲೋಕಸಭೆಯಲ್ಲಿ ಮಾತನಾಡಿ, ಪರೀಕ್ಷಾಸ್ಫೋಟಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಬೇಕೆಂದು ಸೂಚಿಸಿದರು. ಸ್ಫೋಟಗಳ ಪರಿಣಾಮವೇನೆಂಬುದನ್ನು ಕುರಿತು ವಿಜ್ಞಾನಿ ಡಿ. ಎಸ್. ಕೊಠಾರಿಯವರ ನೇತೃತ್ವದಲ್ಲಿ ಸಿದ್ಧವಾದ ಗ್ರಂಥ ೧೯೫೬ರಲ್ಲಿ ಹೊರಬಂತು.

ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ ೧೮೭೮ರ ಡಿಸೆಂಬರ್ ೧೦ರಂದು ಹುಟ್ಟಿ, ಹೊಸೂರಿನ ಶಾಲೆಯಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದ ಚಕ್ರವರ್ತಿ ರಾಜಗೋಪಾಲಾಚಾರ್ಯರನ್ನು ನಮ್ಮ ಸೀಮೆಯ ಜನಕ್ಕೆ ಪರಿಚಯಿಸಬೇಕಾಗಿಲ್ಲ. ಗವರ್ನರ್ ಜನರಲ್ ಪದವಿಯನ್ನೂ ಮದರಾಸಿನ ಮುಖ್ಯಮಂತ್ರಿ ಸ್ಥಾನವನ್ನೂ ಕಂಡು ಬಂದ ರಾಜಾಜಿಯವರು ತಮ್ಮ ಮುಪ್ಪಿನಲ್ಲಿ ಕೈಗೊಂಡ ಕೆಲಸಗಳಲ್ಲಿ ಪರಮಾಣು ಪರೀಕ್ಷೆಗಳ ವಿರುದ್ಧದ ಹೋರಾಟವೂ ಒಂದು. ೧೯೬೨ರ ಸೆಪ್ಟೆಂಬರಿನಲ್ಲಿ, ತಮ್ಮ ೮೩ನೆಯ ವಯಸ್ಸಿನಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದ ನಾಯಕರಾಗಿ ಅವರು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಕೆನೆಡಿಯವರನ್ನು ಕಂಡು, ಪರೀಕ್ಷೆಗಳನ್ನು ನಿಲ್ಲಿಸುವಂತೆ ಕೇಳಿಕೊಂಡರು. ಅವರ ಜೊತೆಗಿದ್ದ ಇಬ್ಬರೂ ಕನ್ನಡ ನಾಡಿನವರು: ‘ಕರ್ಮವೀರ’ವನ್ನು ಸ್ಥಾಪಿಸಿದ ಧಾರವಾಡದ ಆರ್. ಆರ್. ದಿವಾಕರ ಹಾಗೂ ಮಂಗಳೂರಿನ ಬೆನೆಗಲ್ ಮನೆತನದ ಬಿ. ಶಿವರಾವ್.

ಆ ಹೊತ್ತಿಗೆ ಇನ್ನೊಂದು ವಿಶ್ಲೇಷಣೆ ಅಮೆರಿಕದ ಮನೆಮನೆಗಳನ್ನು ತಲಪಿತ್ತು. ಬಾಂಬಿನ ಧೂಳಿನಲ್ಲಿರುವ ಸ್ಟ್ರಾನ್ಷಿಯಂ-೯೦ ರಾಸಾಯನಿಕ ಗುಣದಲ್ಲಿ ಸುಣ್ಣದ ಧಾತುವಾದ ಕ್ಯಾಲ್ಸಿಯಮ್ಮಿನ ಸೋದರ. ಮಳೆಯೊಡನೆ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿಗೆ ಸಾಗಿ ಅದು ಎಲುಬು ಹಲ್ಲುಗಳಲ್ಲಿ ನೆಲೆಯೂರುತ್ತದೆ. ೧೯೫೮ರಲ್ಲಿ ಸೇಂಟ್ ಲೂಯಿ ನಗರದ ವೈದ್ಯರೂ ವಿಜ್ಞಾನಿಗಳೂ ಗೃಹಿಣಿಯರೂ ಸೇರಿ, ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸತೊಡಗಿದರು. ವೈದ್ಯೆ ಲೂಯೀಸ್ ರೀಸ್ ಅದರ ಮುಂದಾಳು. ನಮ್ಮಲ್ಲಿ ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ಹಲ್ಲನ್ನು ಅಲ್ಲಿಯ ತಾಯಂದಿರು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರು. ವರ್ಷಗಳು ಕಳೆದಂತೆ ಮೂರು ಲಕ್ಷದಷ್ಟು ಹಲ್ಲುಗಳು ಕೂಡಿದುವು. ಸ್ಫೋಟಗಳು ಹೆಚ್ಚಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ-೯೦ ಹಲವು ಪಟ್ಟು ಏರಿದ್ದು ಲೆಕ್ಕದಿಂದ ಸ್ಪಷ್ಟವಾಯಿತು. ೧೯೬೩ರ ಆಗಸ್ಟ್ ೫ರಂದು ಮಾಸ್ಕೋದಲ್ಲಿ ವಾತಾವರಣ, ಆಕಾಶ ಮತ್ತು ಸಮುದ್ರದಡಿಯ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ, ರಷ್ಯ, ಬ್ರಿಟನ್‌ಗಳು ಸಹಿ ಹಾಕಿದುವು. ಆ ಬಳಿಕ ಹುಟ್ಟಿದ ಮಕ್ಕಳ ಹಲ್ಲುಗಳಲ್ಲಿ ಸ್ಟ್ರಾನ್ಷಿಯಂ ಇಳಿಯುತ್ತ ಬಂತು. ರಾಜಾಜಿಯವರ ಒಂದು ಭೇಟಿಯಿಂದಲೇ ಒಪ್ಪಂದವಾಯಿತೆನ್ನುವುದು ಅತಿಶಯೋಕ್ತಿ. ಆದರೆ ಅದನ್ನು ಸಾಧ್ಯವಾಗಿಸಿದ ಲೋಕಾಭಿಪ್ರಾಯದಲ್ಲಿ ತೊರಪಳ್ಳಿಯ ಹಿರಿಯರ ಧ್ವನಿಯೂ ಸೇರಿತ್ತು.

ಪತ್ತೆ ಮಾಡುವ ಬಗೆ

ಗಾಳಿಯಲ್ಲಿನ ಕಣವನ್ನು ಹಿಡಿಯುವ ಉಪಾಯ ಸರಳ. ಪಂಪಿನಿಂದ ಗಾಳಿಯನ್ನು ಸೆಳೆದು ನವಿರಾದ ಸೋಸುಕಾಗದದ ಮೂಲಕ ಹಾಯಿಸುತ್ತಾರೆ. ಕಣಗಳು ಕಾಗದದ ಮೇಲೆ ನಿಲ್ಲುತ್ತವೆ. ಹೊಸದಾಗಿ ತೆಗೆದ ಕಾಗದವನ್ನು ಒಡನೆಯೇ ಅಳೆದರೆ ಲೆಕ್ಕ ತಪ್ಪುತ್ತದೆ. ನೆಲದಿಂದ ಹೊರಡುವ ರೇಡಾನ್ ಅನಿಲದ ಮರಿಗಳು ಅದರ ಮೇಲೆ ಕುಳಿತಿರುತ್ತವೆ. ಕೆಲವು ದಿನ ಸುಮ್ಮನಿಟ್ಟರೆ ಅವು ತಾವಾಗಿಯೇ ತೀರಿಹೋಗಿ, ದೀರ್ಘಾಯುಗಳು ಮಾತ್ರ ಉಳಿಯುತ್ತವೆ.

ಆಮೇಲೆ ಕಾಗದವನ್ನು ಸೀಸದ ಗೂಡಿನೊಳಗೆ, ಅತಿ ಶುದ್ಧವಾದ ಜರ್ಮೇನಿಯಂ ಹರಳಿನ ಮುಂದೆ ಇಡುತ್ತಾರೆ. ಹರಳನ್ನು ದ್ರವ ಸಾರಜನಕದಿಂದ ಕಡುತಂಪಾಗಿ ಇರಿಸಿರುತ್ತಾರೆ. ಗ್ಯಾಮಾ ಕಿರಣ ಹರಳಿಗೆ ತಾಕಿದಾಗ ಅದರ ಶಕ್ತಿಗೆ ತಕ್ಕಷ್ಟು ವಿದ್ಯುತ್ ಮಿಡಿತ ಹೊರಡುತ್ತದೆ. ಮಿಡಿತಗಳನ್ನು ವಿಂಗಡಿಸಿ ಎಣಿಸಿದರೆ ನಕ್ಷೆಯಲ್ಲಿ ಶಿಖರಗಳು ಮೂಡುತ್ತವೆ. ಶಿಖರದ ಸ್ಥಾನದಿಂದ ಧಾತುವಿನ ಹೆಸರು, ಎತ್ತರದಿಂದ ಅದರ ಮೊತ್ತ ತಿಳಿಯುತ್ತದೆ. ಸ್ಟ್ರಾನ್ಷಿಯಂ-೯೦ ಗ್ಯಾಮಾ ಕಿರಣವನ್ನು ಕೊಡುವುದಿಲ್ಲವಾದ್ದರಿಂದ ಅದನ್ನು ರಾಸಾಯನಿಕವಾಗಿ ಬೇರ್ಪಡಿಸಿ, ಅದರಿಂದ ಹುಟ್ಟುವ ಯಿಟ್ರಿಯಮ್ಮಿಗಾಗಿ ಎರಡು ವಾರ ಕಾದು ಅಳೆಯಬೇಕು. ಆಲ್ಫಾ ಕಣಗಳಿಗೆ ಬೇರೆಯೇ ವಿಧಾನ. ಮನೆಯೊಳಗಿನ ರೇಡಾನನ್ನು ಅಳೆಯಲು ವಿಶೇಷ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕುತ್ತಾರೆ. ಆಲ್ಫಾ ಕಣ ಬಡಿದಲ್ಲೆಲ್ಲ ಹಾಳೆಗೆ ಗಾಯವಾಗಿರುತ್ತದೆ. ಕ್ಷಾರದಲ್ಲಿ ಅದ್ದಿದಾಗ ಆ ಗಾಯಗಳು ಸೂಕ್ಷ್ಮದರ್ಶಕಕ್ಕೆ ಕಾಣುವ ತೂತುಗಳಾಗುತ್ತವೆ. ಅವುಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಿತು.

ಒಂದೇ ಒಂದು ಕಣವನ್ನು ಹುಡುಕಬೇಕಾದಾಗ ತಾಳ್ಮೆ ಬೇಕು. ಸೋಸುಕಾಗದದ ಮೇಲೆ ಛಾಯಾಫಲಕವನ್ನಿಟ್ಟರೆ ವಿಕಿರಣಪಟು ಕಣವಿರುವ ಜಾಗದಲ್ಲಿ ಚುಕ್ಕೆ ಬೀಳುತ್ತದೆ. ಆ ಭಾಗವನ್ನು ಕತ್ತರಿಸಿ, ಎರಡು ಹೋಳು ಮಾಡಿ, ಎರಡನ್ನೂ ಅಳೆದು, ವಿಕಿರಣವಿರುವ ಹೋಳನ್ನು ಉಳಿಸಿ ಮತ್ತೆ ಎರಡು ಮಾಡುತ್ತಾರೆ. ಮೊರದಲ್ಲಿ ರಾಗಿ ಕೇರಿ ಕೇರಿ ಕೊನೆಗೆ ಒಂದು ಕಲ್ಲನ್ನು ಆರಿಸಿ ತೆಗೆದಂತೆ, ಕಡೆಯಲ್ಲಿ ಕಣವೊಂದೇ ಉಳಿಯುತ್ತದೆ.

ಜಪಾನಿನ ಫುಕುಷಿಮಾ ಅಪಘಾತದ ವೇಳೆ ಇದೇ ಕ್ರಮ ಫಲ ಕೊಟ್ಟಿತು. ೨೦೧೧ರ ಮಾರ್ಚ್ ೧೪–೧೫ರ ರಾತ್ರಿ ಅಲ್ಲಿಂದ ಸುಮಾರು ೧೭೦ ಕಿಲೋಮೀಟರ್ ದೂರದ ತ್ಸುಕುಬಾದಲ್ಲಿ ಹಿಡಿದ ಕಾಗದದ ಮೇಲೆ ಗುಂಡಗಿನ ಕಣಗಳು ಸಿಕ್ಕಿದುವು. ವ್ಯಾಸ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸೀಸಿಯಮ್ಮಿನ ಜೊತೆಗೆ ಕಬ್ಬಿಣ, ಸತುಗಳೂ ಕಂಡುಬಂದುವು. ಮೈ ಗಾಜಿನದೆಂದು ಮುಂದಿನ ಅಧ್ಯಯನಗಳು ತೋರಿಸಿದುವು. ಗಾಜು ನೀರಿನಲ್ಲಿ ಸುಲಭವಾಗಿ ಕರಗದು. ಸೀಸಿಯಂ ಮಳೆಯಲ್ಲಿ ಕರಗಿ ಬರುತ್ತದೆಂಬ ಹಿಂದಿನ ಎಣಿಕೆಯನ್ನು ಇದು ತಿದ್ದಿತು. ಉಸಿರಿನೊಡನೆ ಹೊಕ್ಕ ಕಣ ಎಷ್ಟು ಕಾಲ ಉಳಿದೀತೆಂಬ ಲೆಕ್ಕವನ್ನೂ ಹೊಸದಾಗಿ ಮಾಡಬೇಕಾಯಿತು.

ಕಣದ ವಯಸ್ಸನ್ನೂ ಮೂಲವನ್ನೂ ಹೇಳುವುದು ಎರಡು ಸೀಸಿಯಂಗಳ ಅನುಪಾತ. ಸೀಸಿಯಂ-೧೩೪ರ ಅರ್ಧಾಯು ಎರಡು ವರ್ಷ. ಅದು ಹುಟ್ಟುವುದು ಸ್ಥಾವರದ ಇಂಧನದಲ್ಲಿ ನಿಧಾನವಾಗಿ. ಬಾಂಬಿನ ಧೂಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಮಣ್ಣಿನಲ್ಲಿ ಸೀಸಿಯಂ-೧೩೭ ಒಂದೇ ಕಂಡರೆ ಅದು ಹಳೆಯ ಸ್ಫೋಟಗಳ ಉಳಿಕೆ. ೧೩೪ ಕೂಡ ಜೊತೆಗಿದ್ದರೆ ಹೊಸದಾಗಿ ಯಾವುದೋ ಸ್ಥಾವರದಿಂದ ಬಂದದ್ದು. ೧೯೮೬ರ ಏಪ್ರಿಲ್ ೨೮ರ ಬೆಳಗ್ಗೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ನೌಕರನೊಬ್ಬನ ಬೂಟು ಎಚ್ಚರಿಕೆಯ ಗಂಟೆ ಬಾರಿಸಿದಾಗ, ಧೂಳು ಹೊರಗಿನಿಂದ ಬಂದದ್ದೆಂದೂ ಬಾಂಬಿನದಲ್ಲ, ಸ್ಥಾವರದ್ದೆಂದೂ ವಿಜ್ಞಾನಿಗಳು ತಿಳಿದದ್ದು ಇಂಥ ವಿಶ್ಲೇಷಣೆಯಿಂದಲೇ. ಗಾಳಿಯ ದಿಕ್ಕು ಸೋವಿಯತ್ ನೆಲದ ಕಡೆ ಬೆರಳು ತೋರಿತು. ಸಾವಿರ ಕಿಲೋಮೀಟರಿಗೂ ದೂರದ ಚೆರ್ನೋಬಿಲ್ ದುರಂತ ನಡೆದು ಎರಡು ದಿನವಾಗಿತ್ತು. ಸೋವಿಯತ್ ಸರ್ಕಾರ ಅದನ್ನು ಲೋಕಕ್ಕೆ ತಿಳಿಸಿದ್ದು ಅದೇ ಸಂಜೆ.

ಹಳೆಯ ಕಬ್ಬಿಣದ ಒಳಗೆ

ವಿಕಿರಣ ಗಾಳಿಯಲ್ಲಿಯೇ ಬರಬೇಕೆಂದಿಲ್ಲ, ಲಾರಿಯಲ್ಲಿಯೂ ಬರಬಹುದು. ೨೦೧೦ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ ಕೆಲವರು ವಿಚಿತ್ರ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದರು; ಒಬ್ಬರು ತೀರಿಕೊಂಡರು. ವಿಶ್ವವಿದ್ಯಾನಿಲಯವೊಂದು ಹಳೆಯ ಸಾಮಾನೆಂದು ಹರಾಜು ಹಾಕಿದ್ದ ಯಂತ್ರದೊಳಗೆ ಕೋಬಾಲ್ಟ್-೬೦ ಇತ್ತು. ಗುಜರಿಯವರು ಅದನ್ನು ಒಡೆದು ಚೂರು ಮಾಡಿದ್ದರು. ೨೦೦೮ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಗುಂಡಿಗಳಲ್ಲಿಯೂ ಕೋಬಾಲ್ಟ್-೬೦ ಪತ್ತೆಯಾಯಿತು. ಗುಂಡಿಯ ಉಕ್ಕು ಭಾರತದಿಂದ ಹೋದದ್ದು. ಗುಜರಿಯೊಡನೆ ವಿಕಿರಣ ಮೂಲವೊಂದು ಕುಲುಮೆಗೆ ಬಿದ್ದು ಕರಗಿದರೆ ಹೀಗಾಗುತ್ತದೆ.

ಜೂಜುವಾಡಿಯಿಂದ ಹೊಸೂರಿನವರೆಗೆ ಕಾರ್ಖಾನೆಗಳ ಸಾಲು ಇರುವ ನಮಗೆ ಇದು ದೂರದ ಮಾತಲ್ಲ. ಮೂರು ಎಸಳಿನ ವಿಕಿರಣದ ಗುರುತನ್ನು ಗುಜರಿ ಅಂಗಡಿಯ ಹುಡುಗನಿಗೂ ತಿಳಿಸಿಕೊಡಬೇಕು. ಆ ಗುರುತಿರುವ, ಅಥವಾ ಗಾತ್ರಕ್ಕೆ ಮೀರಿ ಭಾರವಾದ ಸೀಸದ ಡಬ್ಬ ಸಿಕ್ಕಿದರೆ ಒಡೆಯದೆ, ಜೇಬಿಗೆ ಹಾಕದೆ, ದೂರ ಸರಿದು ಪೊಲೀಸರಿಗೆ ತಿಳಿಸಬೇಕು.

ಕಾವಲಿನ ಪ್ರಯೋಗಾಲಯಗಳು

ನಮ್ಮ ದೇಶದ ಪ್ರತಿ ಪರಮಾಣು ವಿದ್ಯುತ್ ಸ್ಥಾವರದ ಬಳಿಯೂ ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದಿರುತ್ತದೆ. ಸ್ಥಾವರ ಕೆಲಸ ಆರಂಭಿಸುವ ಮೊದಲೇ ಅದನ್ನು ತೆರೆಯುವುದು ಪದ್ಧತಿ. ಮೊದಲಿನ ಸ್ಥಿತಿ ಗೊತ್ತಿದ್ದರೆ ತಾನೆ ಆಮೇಲಿನ ವ್ಯತ್ಯಾಸ ತಿಳಿಯುವುದು! ತಮಿಳುನಾಡಿನ ಕಲ್ಪಾಕ್ಕಂನಲ್ಲಿಯೂ, ೨೦೦೦ದಲ್ಲಿ ವಾಣಿಜ್ಯವಾಗಿ ವಿದ್ಯುತ್ ಕೊಡಲು ತೊಡಗಿದ ಕರ್ನಾಟಕದ ಕೈಗಾದಲ್ಲಿಯೂ ಗಾಳಿ, ನೀರು, ಮಣ್ಣು, ಹಾಲು, ಮೀನು, ತರಕಾರಿಗಳ ಮಾದರಿಗಳನ್ನು ತಂದು ಅಳೆಯುತ್ತಾರೆ. ಮಂಗಳೂರು ವಿಶ್ವವಿದ್ಯಾನಿಲಯವೂ ಪಶ್ಚಿಮ ಕರಾವಳಿಯ ವಿಕಿರಣವನ್ನು ಕುರಿತು ಬಹುಕಾಲದಿಂದ ಅಧ್ಯಯನ ನಡೆಸುತ್ತ ಬಂದಿದೆ.

೨೦೦೯ರ ನವೆಂಬರಿನಲ್ಲಿ ಕೈಗಾದ ಹಲವು ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಷಿಯಂ ವಾಡಿಕೆಗಿಂತ ಹೆಚ್ಚಾಗಿ ಕಂಡಿತು. ಹುಡುಕಿದಾಗ ಅದರ ಮೂಲ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಪತ್ತೆಯಾಯಿತು. ಯಾರೋ ಅದಕ್ಕೆ ಟ್ರಿಷಿಯಂ ಬೆರೆತ ಭಾರಜಲವನ್ನು ಸೇರಿಸಿದ್ದರು. ಟ್ರಿಷಿಯಮ್ಮಿನ ಬೀಟಾ ಕಣ ಎಷ್ಟು ದುರ್ಬಲವೆಂದರೆ ಸಾಧಾರಣ ಗೈಗರ್ ಎಣಿಕೆಯಂತ್ರಕ್ಕೆ ಅದು ತಿಳಿಯುವುದೇ ಇಲ್ಲ. ತಪ್ಪದೆ ನಡೆಯುತ್ತಿದ್ದ ಮೂತ್ರ ಪರೀಕ್ಷೆಯಿಲ್ಲದಿದ್ದರೆ ಸಂಗತಿ ಹೊರಬರುತ್ತಿರಲಿಲ್ಲ.

ನಮ್ಮ ಕೊಳವೆಬಾವಿಯ ಪ್ರಶ್ನೆ

ಇಷ್ಟನ್ನೂ ಓದಿದ ಮೇಲೆ, ಇದರಿಂದ ನಮ್ಮ ಮನೆಗೇನು ಎಂದು ಓದುಗರು ಕೇಳುವುದು ನ್ಯಾಯ. ಬಾಂಬಿನ ಧೂಳಿಗಿಂತ, ಸ್ಥಾವರದ ಹೊಗೆಗಿಂತ ನಮ್ಮ ಸೀಮೆಗೆ ಹತ್ತಿರವಾದದ್ದು ಬಂಡೆಯ ಯುರೇನಿಯಂ. ಗ್ರಾನೈಟಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು, ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿದ್ದರೆ, ಕಲ್ಲಿನ ಯುರೇನಿಯಮ್ಮನ್ನು ಕರಗಿಸಿಕೊಳ್ಳುತ್ತದೆ. ಗೊಬ್ಬರದ ನೈಟ್ರೇಟ್ ಇಳಿದು ಸೇರಿದರೆ ಇದಕ್ಕೆ ಇನ್ನೂ ಅನುಕೂಲ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಕೊಳವೆಬಾವಿಯನ್ನು ನೂರಾರು ಅಡಿ ಕೊರೆದಷ್ಟೂ ನಾವು ಕುಡಿಯುವುದು ಆ ಹಳೆಯ ನೀರನ್ನೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರ ಮತ್ತು ಕೋಲಾರದ ದೇವರಾಜ ಅರಸು ಸಂಸ್ಥೆಯ ವಿಜ್ಞ

ಾನಿಗಳು ಪೂರ್ವ ಕರ್ನಾಟಕದ ೭೩ ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ ೨೦೨೧ರಲ್ಲಿ ಫಲಿತಾಂಶ ಪ್ರಕಟಿಸಿದರು. ೫೭ ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ ೩೦ ಮೈಕ್ರೋಗ್ರಾಮನ್ನು ಮೀರಿತ್ತು. ೪೮ ಹಳ್ಳಿಗಳಲ್ಲಿ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ೬೦ ಮೈಕ್ರೋಗ್ರಾಮಿನ ಮಿತಿಯನ್ನೂ ದಾಟಿತ್ತು. ಕೋಲಾರ ನಮ್ಮ ನೆರೆಯ ಜಿಲ್ಲೆ. ರಾಜ್ಯದ ಗಡಿಕಲ್ಲು ನೆಟ್ಟಿರುವಲ್ಲಿ ನೆಲದಡಿಯ ಬಂಡೆ ಮುಗಿಯುವುದಿಲ್ಲ. ಆದರೂ ಅಲ್ಲಿಯ ಅಂಕಿಯನ್ನು ಇಲ್ಲಿಗೆ ಎತ್ತಿಡಲು ಬಾರದು. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರೇ ಬೇರೆ ಬೇರೆಯಾಗಿರಬಹುದು. ಪ್ರತಿ ಬಾವಿಯನ್ನೂ ಅಳೆದೇ ತಿಳಿಯಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನೀರಿನ ಯುರೇನಿಯಂ ಅಪಾಯಕರವೆನಿಸುವುದು ಮುಖ್ಯವಾಗಿ ಅದರ ವಿಕಿರಣದಿಂದಲ್ಲ. ಸೀಸದಂತೆ ಅದೂ ಭಾರಲೋಹವಾದ್ದರಿಂದ. ವರ್ಷಗಟ್ಟಲೆ ಕುಡಿದರೆ ಮೂತ್ರಪಿಂಡಕ್ಕೆ ಹಾನಿಯಾದೀತೆಂಬುದು ಮಿತಿಯನ್ನು ಗೊತ್ತುಪಡಿಸಲು ಆಧಾರ. ಇಂದು ಕುಡಿದರೆ ನಾಳೆ ರೋಗ ಬರುವ ವಿಷವಲ್ಲ. ಹಾಗೆಂದು ಅಲಕ್ಷಿಸತಕ್ಕದ್ದೂ ಅಲ್ಲ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಜನಕ್ಕೆ ಬಾವಿಯ ನೀರಿನಲ್ಲಿ ಕಾಣದೆ ಅಡಗಿರುವ ವಸ್ತು ಹೊಸದೇನಲ್ಲ. ಇದೇ ಬಂಡೆಯಿಂದ ಬರುವ ಫ್ಲೋರೈಡು ಎಷ್ಟೋ ಊರುಗಳ ಮಕ್ಕಳ ಹಲ್ಲಿಗೆ ಕಂದು ಬಣ್ಣ ಬಳಿದಿದೆ, ಹಿರಿಯರ ಕೀಲುಗಳನ್ನು ಬಿಗಿದಿದೆ. ಅದರ ನಿವಾರಣೆಗೆಂದೇ ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ತರುವ ಯೋಜನೆ ಜಪಾನಿನ ಸಾಲದ ನೆರವಿನಿಂದ ಆಗಿ, ೨೦೧೩ರಲ್ಲಿ ಆರಂಭವಾಯಿತು. ಫ್ಲೋರೈಡಾದರೆ ಹಲ್ಲಿನ ಮೇಲೆ ಗುರುತು ಬರೆದು ಎಚ್ಚರಿಸುತ್ತದೆ. ಯುರೇನಿಯಮ್ಮಿಗೆ ಅಂಥ ಹೊರಗುರುತಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ನೇರಳಾತೀತ ಬೆಳಕು ಬಿದ್ದಾಗ ನೀರಿನಲ್ಲಿರುವ ಯುರೇನಿಯಂ ಹಸುರಾಗಿ ಮಿನುಗುತ್ತದೆ. ಆ ಮಿನುಗನ್ನು ಅಳೆಯುವ ಉಪಕರಣ ಲೀಟರಿಗೆ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೂ ಗುರುತಿಸಬಲ್ಲದು. ಭಾಭಾ ಪರಮಾಣು ಸಂಶೋಧನಾ ಕೇಂದ್ರವು ವಿಶ್ವವಿದ್ಯಾನಿಲಯಗಳ ಸಹಕಾರದಿಂದ ದೇಶದ ಕುಡಿಯುವ ನೀರಿನ ಸಮೀಕ್ಷೆ ನಡೆಸಿದ್ದು ಇಂಥ ಉಪಕರಣಗಳಿಂದಲೇ. ನೀರಿನ ಸಾಮಾನ್ಯ ಪರೀಕ್ಷೆಯಲ್ಲಿ ಗಡಸುತನ, ಫ್ಲೋರೈಡು, ನೈಟ್ರೇಟುಗಳನ್ನು ನೋಡುತ್ತಾರೆ. ಯುರೇನಿಯಂ ಅನೇಕ ವೇಳೆ ಅದರಲ್ಲಿ ಸೇರಿರುವುದಿಲ್ಲ. ಆದ್ದರಿಂದ ಅದನ್ನು ಹೆಸರಿಟ್ಟು ಕೇಳಬೇಕು. ಪಂಪನ್ನು ಕೆಲವು ನಿಮಿಷ ಓಡಿಸಿ, ಶುಭ್ರವಾದ ಸೀಸೆಯನ್ನು ಅದೇ ನೀರಿನಿಂದ ತೊಳೆದು ತುಂಬಿ, ಬಾವಿಯ ಆಳ, ತಾರೀಖುಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿ ಕಳುಹಿಸಬೇಕು. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಒಂದು ಬೀದಿಯವರು ಅಥವಾ ಶಾಲೆಯ ಪೋಷಕರು ಕೂಡಿ ಮಾಡಿದರೆ ಖರ್ಚೂ ಕಡಿಮೆ, ಅಧಿಕಾರಿಗಳಿಗೆ ಹೇಳುವ ಮಾತಿಗೆ ತೂಕವೂ ಹೆಚ್ಚು.

ಯುರೇನಿಯಂ ಮಿತಿ ಮೀರಿದ್ದರೆ ನೀರನ್ನು ಕಾಯಿಸಿ ಪ್ರಯೋಜನವಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಆರ್.ಓ. ಯಂತ್ರ ಅದರ ಬಹುಪಾಲನ್ನು ತೆಗೆಯುತ್ತದೆ. ಆದರೆ ಆ ಯಂತ್ರ ಹೊರಚೆಲ್ಲುವ ನೀರನ್ನು ಅಡಿಗೆಗಾಗಲಿ ದನಕರುಗಳಿಗಾಗಲಿ ಬಳಸಬಾರದು. ಹೊಗೇನಕಲ್ಲಿನ ನೀರು ಬರುವ ಕಡೆ ಅದನ್ನು ಕುಡಿಯಲು, ಕೊಳವೆಬಾವಿಯ ನೀರನ್ನು ತೊಳೆಯಲು ಮೀಸಲಿಡಬಹುದು. ಮಾಳಿಗೆಯ ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟರೆ ಅದರಲ್ಲಿ ಬಂಡೆಯ ಪಾಲಿಲ್ಲ. ರೇಡಾನ್ ವಿಷಯದಲ್ಲಿ ಉಪಾಯ ಇನ್ನೂ ಸುಲಭ. ಕೊಳವೆಬಾವಿಯ ನೀರನ್ನು ತೊಟ್ಟಿಯಲ್ಲಿ ತುಂಬಿ ಕೆಲವು ದಿನ ಬಿಟ್ಟರೆ ಅನಿಲ ಹಾರಿಯೂ ಹೋಗುತ್ತದೆ, ಸಿಡಿದೂ ತೀರುತ್ತದೆ. ಅದರ ಅರ್ಧಾಯು ನಾಲ್ಕು ದಿನಕ್ಕಿಂತ ಕಡಿಮೆ. ಕಲ್ಲುನೆಲದ ಮನೆಗಳಲ್ಲಿ ಬೆಳಗ್ಗೆ ಎದ್ದೊಡನೆ ಕಿಟಕಿ ಬಾಗಿಲುಗಳನ್ನು ತೆರೆಯುವ ನಮ್ಮ ಅಜ್ಜಿಯರ ವಾಡಿಕೆ ಇದಕ್ಕೂ ಒಳ್ಳೆಯದು.

ಯಾಯಿಜು ಬಂದರಿನ ಬೂದಿಯನ್ನು ಯಾರೂ ಪರೀಕ್ಷಿಸದಿದ್ದರೆ ಬಾಂಬಿನ ಗುಟ್ಟು ಹಾಗೆಯೇ ಉಳಿಯುತ್ತಿತ್ತು. ಸೇಂಟ್ ಲೂಯಿಯ ತಾಯಂದಿರು ಹಲ್ಲುಗಳನ್ನು ಕಳುಹಿಸದಿದ್ದರೆ ಹಾಲಿನಲ್ಲಿ ಬಂದದ್ದು ಎಷ್ಟೆಂದು ಅಷ್ಟು ನಿಖರವಾಗಿ ತಿಳಿಯುತ್ತಿರಲಿಲ್ಲ. ವಿಜ್ಞಾನಿಗಳ ಯಂತ್ರಗಳಿಗೆ ಮೊದಲು ಮಾದರಿ ಬೇಕು. ಅದನ್ನು ಒದಗಿಸುವವರು ಮನೆಯವರೇ. ಈ ಬೇಸಗೆಯಲ್ಲಿ ಬಾವಿಯ ನೀರು ಕೆಳಗಿಳಿದಾಗ ಒಂದು ಸೀಸೆ ತುಂಬಿ ಕಳುಹಿಸಿ. ಬಂದ ಅಂಕಿ ಮಿತಿಯೊಳಗಿದ್ದರೆ ನಿಶ್ಚಿಂತೆ; ಮೀರಿದ್ದರೆ ಏನು ಮಾಡಬೇಕೆಂಬುದು ಈಗ ತಿಳಿದೇ ಇದೆ.